ತಣ್ಣಗಾಗದ ಕುರಿ

ಇದನ್ನು ಹೇಳಿದಾಗಲೆಲ್ಲ ಜನ ಮೊದಲು ಕೇಳುವುದು, "ನಿದ್ದೆಗಣ್ಣಲ್ಲಿ ಇದ್ರೇನೋ ಮೇಡಂ" ಅಂತ. ಇರಲಿಲ್ಲ. ಅವತ್ತು ನನ್ನ ಪಕ್ಕದಲ್ಲಿ ಇನ್ನೊಬ್ಬರಿದ್ದರು. ನಾನು ಕಂಡದ್ದನ್ನೇ ಅವರೂ ಕಂಡರು, ಕೇಳಿದ್ದನ್ನೇ ಕೇಳಿದರು. ಇವತ್ತಿಗೂ ಅವರು ಒಂದು ಮಾತನ್ನೂ ಬದಲಿಸಿಲ್ಲ.

ನಾನು ಚಾಮರಾಜಪೇಟೆಯ ಒಂದು ಖಾಸಗಿ ಲ್ಯಾಬ್‌ನಲ್ಲಿದ್ದೇನೆ. ಹಾಲು, ನೀರು, ಮಾಂಸದಲ್ಲಿ ರೋಗ ತರುವ ಬ್ಯಾಕ್ಟೀರಿಯಾ ಇದೆಯೇ ಎಂದು ನೋಡುವುದು ನನ್ನ ಕೆಲಸ. ಅಲ್ಲಿಂದ ಸ್ವಲ್ಪ ದೂರದಲ್ಲಿ ಒಂದು ಹಳೆಯ ಕಸಾಯಿಖಾನೆ ಇದೆ, ಹೆಸರು ಬೇಡ. ಬೆಳಕು ಹರಿಯುವ ಮೊದಲೇ ಅಲ್ಲಿಂದ ಅಂಗಡಿಗಳಿಗೆ ಮಾಂಸ ಹೊರಡುತ್ತದೆ. ಹಾಗಾಗಿ ಸ್ಯಾಂಪಲ್ ತೆಗೆಯಲು ನಾನು ಕತ್ತಲಲ್ಲೇ ಹೋಗಬೇಕು. ನಮ್ಮ ಮನೆಯಲ್ಲಿ ಮಾಂಸ ತಿನ್ನುವುದಿಲ್ಲ. ಮೊದಲ ದಿನ ಮೂಗು ಮುಚ್ಚಿಕೊಂಡೇ ಕೆಲಸ ಮುಗಿಸಿದ್ದೆ, ಆಮೇಲೆ ರೂಢಿಯಾಯಿತು. ನಿಜ ಹೇಳಬೇಕೆಂದರೆ ಅಲ್ಲಿ ರಕ್ತಕ್ಕಿಂತ ಬ್ಲೀಚಿಂಗ್ ಪುಡಿಯ ವಾಸನೆಯೇ ಜಾಸ್ತಿ.

ಅವತ್ತು ಪಶುವೈದ್ಯ ಬಸವರಾಜು ಸರ್ ಗೇಟಿನಲ್ಲೇ ಕಾಯುತ್ತಿದ್ದರು. ಮಾಂಸವನ್ನು ನೋಡಿ, ಸರಿ ಇದ್ದರೆ ಮುದ್ರೆ ಹಾಕುವವರು ಅವರು.

"ಬಾಮ್ಮ ಸುಮಾ, ಬೇಗ ಮುಗಿಸ್ಬಿಡೋಣ. ಕೆಲಸದವ್ರು ಇನ್ನೂ ಬಂದಿಲ್ಲ, ನಾವಿಬ್ರೇ."

ಕೋಲ್ಡ್ ರೂಮಿನ ಬಾಗಿಲು ತೆಗೆದರು. ಹಿಂದಿನ ಸಂಜೆ ಕಡಿದು, ಚರ್ಮ ಸುಲಿದು, ತಲೆ ತೆಗೆದ ಕುರಿಗಳು ಸಾಲಾಗಿ ಕೊಕ್ಕೆಗಳಲ್ಲಿ ತೂಗುತ್ತಿದ್ದವು. ಯಂತ್ರದ ಗೊರಗೊರ ಬಿಟ್ಟರೆ ಸದ್ದಿಲ್ಲ...

ನಾನು ಗ್ಲೌಸ್ ಹಾಕಿಕೊಂಡು ಕೆಲಸ ಶುರುಮಾಡಿದೆ. ಒದ್ದೆ ಸ್ಪಂಜನ್ನು ತೊಡೆ, ಎದೆ, ಕುತ್ತಿಗೆಯ ಮೇಲೆ ಉಜ್ಜುವುದು, ಚೀಲಕ್ಕೆ ಹಾಕಿ ಐಸ್ ಡಬ್ಬಿಯಲ್ಲಿಡುವುದು. ಒಂದೊಂದು ಕುರಿಯೂ ಬೆರಳು ಮರಗಟ್ಟುವಷ್ಟು ತಣ್ಣಗಿತ್ತು.

ಗೋಡೆಯ ಬದಿಯ ಕೊನೆಯ ಕುರಿಯ ತೊಡೆಗೆ ಕೈಯಿಟ್ಟೆ.

ಬಿಸಿ.

"ಸರ್, ಇದನ್ನ ಈಗ ತಂದು ಹಾಕಿದ್ರಾ?"

"ಸಂಜೆ ಆದ್ಮೇಲೆ ಯಾವ್ದೂ ಕಡ್ದಿಲ್ವಲ್ಲ. ನಾನೇ ನಿಂತು ಬೀಗ ಹಾಕ್ಸಿದೀನಿ."

ಅವರು ಥರ್ಮಾಮೀಟರ್ ಚುಚ್ಚಿದರು. ನೋಡಿ, ಒರೆಸಿ, ಮತ್ತೆ ಚುಚ್ಚಿದರು. ಪಕ್ಕದ ಕುರಿಗೂ ಚುಚ್ಚಿ ನೋಡಿದರು. ಅದು ತಣ್ಣಗಿತ್ತು. ಇದು ಮಾತ್ರ ಜೀವಂತ ಕುರಿಯಷ್ಟೇ ಬೆಚ್ಚಗಿತ್ತು.

ಹೇಗೋ ಧೈರ್ಯ ಮಾಡಿ ಸ್ಪಂಜು ಉಜ್ಜಿದೆ. ಅದರಡಿ ಮಾಂಸ ಅದುರಿತು. ಆಗಷ್ಟೇ ಕಡಿದ ಮಾಂಸ ಸ್ವಲ್ಪ ಹೊತ್ತು ಅದುರುವುದನ್ನು ನಾನು ನೋಡಿದ್ದೇನೆ, ಅದರಲ್ಲಿ ವಿಶೇಷವಿಲ್ಲ. ಆದರೆ ಇದು ಇಡೀ ರಾತ್ರಿ ಚಳಿಯಲ್ಲಿ ತೂಗಿದ್ದ ಮಾಂಸ. ಮೂಗಿಗೆ ಬಂದದ್ದೂ ಮಾಂಸದ ವಾಸನೆಯಲ್ಲ... ಕುರಿದೊಡ್ಡಿಯ ವಾಸನೆ. ಉಣ್ಣೆ, ಹಿಕ್ಕೆ, ಒದ್ದೆ ಹುಲ್ಲು.

"ಸ್ಯಾಂಪಲ್ ಆಯ್ತಾ?" ಅವರ ದನಿ ಇಳಿದಿತ್ತು.

"ಆಯ್ತು ಸರ್."

"ಇದಕ್ಕೆ ನಾನು ಮುದ್ರೆ ಹಾಕಲ್ಲ. ಆ ಕಡೆ ಹಿಡ್ಕೋ."

ಕೆಟ್ಟ ಮಾಂಸ ಇಡಲು ಎದುರಿಗೆ ಒಂದು ಸಣ್ಣ ಕೋಣೆಯಿದೆ. ಇಬ್ಬರೂ ಹೊತ್ತುಕೊಂಡು ಹೋಗಿ ಅದರ ಹಿಂಗೋಡೆಯ ಕೊಕ್ಕೆಗೆ ಸಿಕ್ಕಿಸಿದೆವು. ಸರ್ ಬೀಗ ಹಾಕಿ ಕೀಲಿ ಜೇಬಿಗಿಟ್ಟರು.

ಆ ಕೋಣೆಯ ಹೊರಗಿನ ಬೆಂಚಿನ ಮೇಲೆ ಸರ್ ಪಕ್ಕ ಕುಳಿತು ನಾನು ಚೀಲಗಳಿಗೆ ಚೀಟಿ ಅಂಟಿಸುತ್ತಿದ್ದೆ. ಆಗ ಕೇಳಿಸಿತು.

ಸರ್ರ್... ಸರ್ರ್...

ಬಾಗಿಲ ಆ ಬದಿಯಲ್ಲಿ ಏನೋ ಮೈ ಉಜ್ಜುತ್ತಿತ್ತು. ಈ ತುದಿಯಿಂದ ಆ ತುದಿಗೆ ಹೋಗುವುದು, ನಿಲ್ಲುವುದು, ತಿರುಗಿ ಬರುವುದು. ಕುರಿಗಳು ಗೋಡೆಗೆ ಪಕ್ಕೆ ಉಜ್ಜುತ್ತವಲ್ಲ, ಹಾಗೆ.

"ಇಲಿ ಇರ್ಬೋದಾ ಸರ್?"

ಅವರು ಅಲ್ಲವೆಂದು ತಲೆಯಾಡಿಸಿದರು. ಎದ್ದು ಹೋಗಿ ಬೀಗಕ್ಕೆ ಕೀಲಿ ಹಾಕಿದರು. ಸದ್ದು ತಟ್ಟನೆ ನಿಂತಿತು... ಕಾಯುತ್ತಿರುವ ಹಾಗೆ.

"ಬೇಡ ಸರ್," ಎಂದೆ. ಅವರು ತಿರುಗಿಸದೆಯೇ ಕೀಲಿ ಹೊರಗೆಳೆದರು.

ಕೆಲಸದವರು ಬಂದ ಮೇಲೆಯೇ ಆ ಬಾಗಿಲು ತೆಗೆದದ್ದು. ಕುರಿ ಹಿಂಗೋಡೆಯ ಕೊಕ್ಕೆಯಲ್ಲೇ ಇತ್ತು. ಆದರೆ ಬಾಗಿಲ ಒಳಮೈಯಲ್ಲಿ, ನಿಂತ ಕುರಿಯ ಪಕ್ಕೆಯಷ್ಟು ಎತ್ತರಕ್ಕೆ, ಉದ್ದಕ್ಕೂ ಹಸಿ ಕೊಬ್ಬು ಮೆತ್ತಿತ್ತು. ಸರ್ ಕೆಲಸದವರಿಗೆ ಕೆಟ್ಟ ಮಾಂಸ ಎಂದಷ್ಟೇ ಹೇಳಿದರು. ಗೋಣಿಯಲ್ಲಿ ಸುತ್ತಿಸಿ, ಹಿತ್ತಲಲ್ಲಿ ಗುಂಡಿ ತೆಗೆಸಿ, ಸುಣ್ಣ ಸುರಿದು ಹೂಳಿಸಿದರು.

ಲ್ಯಾಬ್‌ನಲ್ಲಿ ಸ್ಯಾಂಪಲ್ಲನ್ನು ಸಣ್ಣ ಮುಚ್ಚಳದ ಪ್ಲೇಟುಗಳಿಗೆ ಹಾಕಿ, ಬ್ಯಾಕ್ಟೀರಿಯಾ ಬೆಳೆಯಲು ಎರಡು ದಿನ ಬಿಡುತ್ತೇವೆ. ಮಿಕ್ಕ ಕುರಿಗಳ ಪ್ಲೇಟುಗಳಲ್ಲಿ ಎಂದಿನಂತೆ ಬ್ಯಾಕ್ಟೀರಿಯಾದ ಸಣ್ಣ ಸಣ್ಣ ಚುಕ್ಕೆಗಳು ಎದ್ದಿದ್ದವು. ಎಷ್ಟೇ ಶುಚಿಯಾಗಿ ಕಡಿದರೂ ಚಾಕುವಿನಿಂದ, ಕೈಯಿಂದ, ಗಾಳಿಯಿಂದ ಅಷ್ಟು ಬಂದೇ ಬರುತ್ತದೆ. ಆ ಕುರಿಯ ಪ್ಲೇಟಿನಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಉಳಿದ ಸ್ಯಾಂಪಲ್‌ನಿಂದ ಮತ್ತೆ ಮಾಡಿದೆ. ಮತ್ತೆಯೂ ಏನಿಲ್ಲ. ಅಷ್ಟು ಶುದ್ಧವಾಗಿರುವುದು ಬದುಕಿರುವ ಮೈಯೊಳಗಿನ ಮಾಂಸ ಮಾತ್ರ.

ಸರ್‌ಗೆ ಫೋನ್ ಮಾಡಿ ಹೇಳಿದೆ.

"ಸುಮಾ, ಅವತ್ತು ಹೂಳೋಕೆ ಮುಂಚೆ ಅದು ತಣ್ಣಗಾಗಿತ್ತು ತಾನೇ? ನೀನು ಮುಟ್ಟಿ ನೋಡ್ದೆ ಅಲ್ವಾ?"

"ಇಲ್ಲ ಸರ್... ನೀವು ನೋಡಿದೀರಿ ಅಂದ್ಕೊಂಡಿದ್ದೆ."

ಅಗೆದು ನೋಡೋಣ ಎಂದು ಅವರು ಹೇಳಲಿಲ್ಲ. ನಾನೂ ಹೇಳಲಿಲ್ಲ.