ನೋನಿಯಸ್ ಕುದುರೆಯ ಮೂಗು

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಅದನ್ನು ಯಾರಿಂದಲೂ ಮುಚ್ಚಿಟ್ಟಿಲ್ಲ, ಅದಕ್ಕಾಗಿ ತಲೆ ತಗ್ಗಿಸಿಯೂ ಇಲ್ಲ. ಕತ್ರಿಗುಪ್ಪೆಯ ನನ್ನ ಶೆಡ್ಡಿನಲ್ಲಿ ಫೈಬರ್ ಗೊಂಬೆ ಮಾಡುತ್ತೇನೆ. ಆನೆ, ಸಿಂಹ, ಹೆಚ್ಚಾಗಿ ಕುದುರೆ. ಕುದುರೆಗಳಿಗೆಲ್ಲ ಒಂದೇ ಅಚ್ಚು: ಪುಟ್ಟ ಮುಖ, ಬಿಲ್ಲಿನಂತೆ ಬಾಗಿದ ಕತ್ತು, ಎತ್ತಿದ ಮುಂಗಾಲು. ಮದುವೆ ಮಂಟಪದವರು ಕೇಳುವುದು ಅದನ್ನೇ.

ಹೋದ ವರ್ಷ, ಜೆ.ಪಿ. ನಗರದಲ್ಲಿ ಹೋಟೆಲ್ ತೆರೆಯಲಿದ್ದ ಮೇಡಂ ಒಬ್ಬರು ಬೇರೆಯದನ್ನು ಕೇಳಿದರು. ಹಂಗೇರಿಯಲ್ಲಿ ಅವರು ಸಾರೋಟಿನಲ್ಲಿ ಕೂತಿದ್ದರಂತೆ. ಅದನ್ನು ಎಳೆದಿದ್ದ ನೋನಿಯಸ್ ಎಂಬ ತಳಿಯ ಕಪ್ಪು ಕುದುರೆಯೇ ಹೋಟೆಲಿನ ಬಾಗಿಲಲ್ಲಿ ನಿಲ್ಲಬೇಕಂತೆ. ಫೋಟೋಗಳ ಜೊತೆಗೆ ನಾಲ್ಕು ಹಾಳೆ ಇಂಗ್ಲಿಷ್ ಕೊಟ್ಟರು.

ಹಾಳೆಗಳನ್ನು ಪಿಯುಸಿ ಓದಿದ ನನ್ನ ಹೆಂಡತಿ ಬಿಡಿಸಿ ಹೇಳಿದಳು. ಇನ್ನೂರು ವರ್ಷದ ಹಿಂದೆ, ಫ್ರೆಂಚರ ಜೊತೆಗಿನ ಯುದ್ಧದಲ್ಲಿ ಸೆರೆಸಿಕ್ಕ ಗಂಡು ಕುದುರೆಯೊಂದನ್ನು ಹಂಗೇರಿಗೆ ತಂದು ಸಾಕಿದರು. ಅದರ ಹೆಸರೇ ತಳಿಗೂ ಬಂತು. ನೋಡಿದವರು ಅದರ ಬಗ್ಗೆ ಬರೆದಿಟ್ಟದ್ದು ಬರೀ ದೂರು: ತಲೆ ಭಾರ, ಕಣ್ಣು ಸಣ್ಣ, ಕಿವಿ ಉದ್ದ, ಕತ್ತು ಗಿಡ್ಡ, ಬಾಲದ ಬುಡವೂ ತಗ್ಗು.

ಹೆಂಡತಿ ಹಾಳೆ ಕೆಳಗಿಟ್ಟಳು. “ಇದು ಕುದುರೆ ವಿಷ್ಯಾನಾ, ನಮ್ಮತ್ತೆ ಮಗನ ವಿಷ್ಯಾನಾ?”

ಆದರೆ ಅದರ ಮರಿಗಳು ಗಟ್ಟಿಮುಟ್ಟಾಗಿ ಹುಟ್ಟಿದವು. ಮುಂದೆ ಇಂಗ್ಲಿಷ್ ರೇಸ್ ಕುದುರೆಯ ರಕ್ತ ಬೆರೆಸಿ ಮೈಕಟ್ಟು ತಿದ್ದಿದರು. ಟಗರಿನ ಹಾಗೆ ಉಬ್ಬಿದ ಮೂಗು ಮಾತ್ರ ತಳಿಯ ಗುರುತಾಗಿ ಉಳಿಯಿತು. ಅಗಲ ಎದೆ, ದಪ್ಪ ಮೂಳೆ, ಶಾಂತ ಸ್ವಭಾವ. ಫಿರಂಗಿ, ನೇಗಿಲು, ಸಾರೋಟು, ಕಟ್ಟಿದ್ದನ್ನೆಲ್ಲ ಎಳೆದವು.

ನಾನು ಅಚ್ಚನ್ನು ಪಕ್ಕಕ್ಕಿಟ್ಟು ಎರಡು ತಿಂಗಳು ಮಣ್ಣಿನಲ್ಲಿ ಮಾದರಿ ತಿದ್ದಿದೆ. ನಾಲ್ಕೂ ಕಾಲು ನೆಲದ ಮೇಲೆ; ಮೂಗು ಫೋಟೋದಲ್ಲಿ ಇದ್ದಂತೆಯೇ. ಫೈಬರ್ ಎರೆಯುವ ಮುಂಚೆ ನೋಡಲು ಮೇಡಂ ತಮ್ಮ ಡಿಸೈನರನ್ನು ಕರೆತಂದರು.

“ಏನ್ ಗುರು, ಕತ್ತೆ ಮಾಡಿಟ್ಟಿದ್ದೀರಾ?” ಎಂದ ಅವನು. “ಮುಖ ಸಣ್ಣ ಮಾಡಿ, ಮೂಗು ನೇರ ಮಾಡಿ. ಜನ ಪಕ್ಕದಲ್ಲಿ ನಿಂತು ಫೋಟೋ ತೆಗೆಸ್ಕೋಬೇಕಲ್ವಾ?”

ಹಾಗೆ ಮಾಡಿದರೆ ಅದು ನೋನಿಯಸ್ ಆಗುವುದಿಲ್ಲ ಎಂದೆ. ಓದಿದವರು ಹೇಳಿದಂತೆ ಮಾಡುವುದಷ್ಟೇ ನಿಮ್ಮ ಕೆಲಸ, ಇಲ್ಲದಿದ್ದರೆ ಆರ್ಡರ್ ಬೇರೆಯವರಿಗೆ ಎಂದ. ಮೇಡಂ ಕುದುರೆಯನ್ನು ನೋಡಿದರು, ಅವನನ್ನು ನೋಡಿದರು. ಸ್ವಲ್ಪ ಅಡ್ಜಸ್ಟ್ ಮಾಡಿ ಎಂದು ನನಗೇ ಹೇಳಿದರು.

ಮಣ್ಣು ಕೊಯ್ಯುವ ತಂತಿಯನ್ನು ತೆಗೆದು ಅವನ ಕೈಗಿಟ್ಟೆ.

“ನೀವೇ ಕೊಯ್ಯಿರಿ ಸಾರ್. ಆಮೇಲೆ ಹೆಸರೂ ನೀವೇ ಇಡಿ. ನನ್ನ ಕೈಲಿ ಆಗಲ್ಲ.”

ಅವನು ತಂತಿಯನ್ನು ಬೆಂಚಿನ ಮೇಲಿಟ್ಟು ಕರ್ಚೀಫಿನಿಂದ ಕೈ ಒರೆಸಿಕೊಂಡ. ಆರ್ಡರ್ ಹೋಯಿತು.

ಈಗ ಆ ಹೋಟೆಲಿನ ಮುಂದೆ ಕಪ್ಪು ಬಳಿದ ಮದುವೆ ಕುದುರೆಯೊಂದು ಮುಂಗಾಲೆತ್ತಿ ನಿಂತಿದೆ. ನನ್ನದನ್ನು ನನ್ನ ಖರ್ಚಿನಲ್ಲೇ ಎರೆದು, ರಸ್ತೆಗೆ ಮುಖ ಮಾಡಿ ಶೆಡ್ಡಿನೆದುರು ನಿಲ್ಲಿಸಿದ್ದೇನೆ. ಇದರ ಮೂಗು ಯಾಕೆ ಅಂಕಲ್ ಹೀಗಿದೆ ಎಂದು ಹೋಗಿಬರುವವರು ಕೇಳುತ್ತಾರೆ.

“ಅದರ ಮೂಗೇ ಹಾಗೆ” ಎನ್ನುತ್ತೇನೆ.