ಕಿಟ್ಟಪ್ಪನ ಹೆಸರಲ್ಲಿದ್ದ ದುಡ್ಡು

ಕಳೆದ ವರ್ಷ ದೀಪಾವಳಿ ಮುಗಿದ ಮೇಲಿನ ಮಾತು. ವಾರಸುದಾರರು ಕೇಳದೆ ಬ್ಯಾಂಕಿನಲ್ಲೇ ಉಳಿದು, ಹತ್ತು ವರ್ಷದ ಮೇಲೆ ರಿಸರ್ವ್ ಬ್ಯಾಂಕಿನ ನಿಧಿಗೆ ಸೇರಿದ ಹಣವನ್ನು ಜನರಿಗೆ ವಾಪಸು ಕೊಡಿಸಲು ಕೋಲಾರದಲ್ಲಿ ಶಿಬಿರ ನಡೆಯುತ್ತಿದೆ ಎಂದು ಪೇಪರಿನಲ್ಲಿ ಓದಿದೆ. ಮಾಲೂರಿನಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡಿರುವ ನಾನು ಅಂದು ಅಂಗಡಿಗೆ ಬೀಗ ಹಾಕಿ ಹೊರಟೆ. ದುಡ್ಡು ಸಿಗುತ್ತದೆಂದಲ್ಲ. ಅಲ್ಲಿ ಏನೂ ಇಲ್ಲ ಎಂಬುದು ಖಾತ್ರಿಯಾಗಲಿ ಎಂದು.

ನಮ್ಮೂರು ಮಾಸ್ತಿ. ಅಪ್ಪ ಕೃಷ್ಣಪ್ಪ ಹೆಂಚಿನ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದರು, ಓದು ಬರಹ ಬಾರದು. ಪಕ್ಕದ ಮನೆಯ ವೆಂಕಟರಾಮಪ್ಪ ಅದೇ ಫ್ಯಾಕ್ಟರಿಯಲ್ಲಿ ಗುಮಾಸ್ತರು. ಪ್ರತಿ ತಿಂಗಳೂ ಅಪ್ಪನ ಉಳಿತಾಯವನ್ನು ಮಾಲೂರಿನ ಬ್ಯಾಂಕಿಗೆ ಕಟ್ಟಿ ಬರುತ್ತಿದ್ದವರು ಅವರೇ. ನನಗೆ ಹತ್ತೊಂಬತ್ತು ತುಂಬಿದ ವರ್ಷ ಅಪ್ಪ ಎದೆನೋವೆಂದು ಮಲಗಿದವರು ಏಳಲಿಲ್ಲ. ಮನೆಯೆಲ್ಲ ಹುಡುಕಿದರೂ ಪಾಸ್‌ಬುಕ್ ಸಿಗಲಿಲ್ಲ. ಬ್ಯಾಂಕಿನಲ್ಲಿ ವಿಚಾರಿಸಿದರೆ, "ಮಾಸ್ತಿ ಕೃಷ್ಣಪ್ಪ ಅಂತ ಖಾತೆಯೇ ಇಲ್ಲಮ್ಮ" ಎಂದರು.

ಹನ್ನೊಂದನೆಯ ದಿನ ಊಟಕ್ಕೆ ಬಂದಿದ್ದ ಜನರ ಎದುರಿಗೇ ಅಮ್ಮ ವೆಂಕಟರಾಮಪ್ಪನವರನ್ನು ಕೇಳಿದಳು. ಅವರು ತಬ್ಬಿಬ್ಬಾದರು.

"ದೇವರಾಣೆ ಕಟ್ಟಿದ್ದೀನಿ ಅಕ್ಕಾ. ಪಾಸ್‌ಬುಕ್ ಅವನ ಕೈಗೇ ಕೊಡ್ತಿದ್ದೆ. ನಾಳೆ ನಾನೂ ಬರ್ತೀನಿ, ಬ್ಯಾಂಕಲ್ಲೇ ತೋರಿಸ್ತೀನಿ."

"ತಿಂದೋರು ಜೊತೇಲಿ ಬರೋದು ಬೇಡ" ಎಂದೆ ನಾನು. ಅಷ್ಟೂ ಜನರಿಗೆ ಕೇಳಿಸುವ ಹಾಗೆ ಎಂದೆ.

ಆಮೇಲೆ ಎರಡು ಸಲ ಅವರು ನಮ್ಮ ಮನೆಗೆ ಬಂದರು. ನಾವು ಬಾಗಿಲು ತೆಗೆಯಲಿಲ್ಲ. ಊರಿನ ಬಾಯಲ್ಲಿ ಅವರು ದುಡ್ಡು ತಿಂದ ವೆಂಕಟರಾಮಪ್ಪನಾದರು. ಆರು ತಿಂಗಳೊಳಗೆ ಮನೆ ಮಾರಿ, ಹೆಂಡತಿಯ ತವರು ಯಲ್ದೂರಿಗೆ ಹೊರಟುಹೋದರು. ನಾನು ಕಾಲೇಜು ಬಿಟ್ಟು ಹೊಲಿಗೆ ಕಲಿತೆ. ಅಮ್ಮ ಸಾಯುವ ತನಕ ಅವರಿಗೆ ಶಾಪ ಹಾಕಿದಳು.

ಶಿಬಿರದಲ್ಲಿ ಕಂಪ್ಯೂಟರ್ ಮುಂದಿದ್ದ ಹೆಂಗಸು, "ಕೃಷ್ಣಪ್ಪ ಇಲ್ಲ. ಬೇರೆ ಹೆಸರಿತ್ತಾ?" ಎಂದು ಕೇಳಿದರು.

"ಜೊತೆಯವರು ಕಿಟ್ಟಪ್ಪ ಅಂತಿದ್ರು" ಎಂದೆ, ಸುಮ್ಮನೆ.

ಅವರು ಒತ್ತಿ ನೋಡಿ, ಪರದೆಯನ್ನು ನನ್ನ ಕಡೆ ತಿರುಗಿಸಿದರು. ಕಿಟ್ಟಪ್ಪ, ಮಾಸ್ತಿ, ಮಾಲೂರು ತಾಲ್ಲೂಕು.

ವಾರದ ಮೇಲೆ ಮಾಲೂರಿನ ಬ್ಯಾಂಕಿನಲ್ಲಿ ಹಳೆಯ ಅರ್ಜಿ ಹುಡುಕಿ ತೆಗೆದರು. ಅಪ್ಪನ ಫೋಟೊ, ಹೆಬ್ಬೆಟ್ಟು. ನಾಮಿನಿ ಎಂದು ನನ್ನ ಹೆಸರು. ಪರಿಚಯಿಸಿದವರು ಎಂಬಲ್ಲಿ ವೆಂಕಟರಾಮಪ್ಪನವರ ಸಹಿ. ಅಪ್ಪ ಸತ್ತ ಹಿಂದಿನ ತಿಂಗಳವರೆಗೂ ಒಂದು ಕಂತೂ ತಪ್ಪಿರಲಿಲ್ಲ.

"ಕೃಷ್ಣಪ್ಪ, ಕಿಟ್ಟಪ್ಪ ಒಬ್ರೇ ಅಂತ ಈ ಸಹಿ ಹಾಕಿದೋರು ಬಂದು ಬರೆದುಕೊಟ್ರೆ ಕೆಲಸ ಬೇಗ ಆಗುತ್ತೆ" ಎಂದರು ಮ್ಯಾನೇಜರು.

ಯಲ್ದೂರಿಗೆ ಹೋದೆ. ವೆಂಕಟರಾಮಪ್ಪನವರು ತೀರಿಕೊಂಡು ಮೂರು ವರ್ಷವಾಗಿತ್ತು. ಅವರ ಹೆಂಡತಿ ರತ್ನಮ್ಮ ಜಗಲಿಯ ಮೇಲೆ ರಾಗಿ ಕೇರುತ್ತಿದ್ದರು. ನಾನು ಯಾರೆಂದು ಹೇಳಿದ ಕೂಡಲೇ ಅವರ ಕೈಯಲ್ಲಿದ್ದ ಮೊರ ನಿಂತಿತು. ನಡೆದದ್ದನ್ನೆಲ್ಲ ಹೇಳಿ ಕಾಲು ಹಿಡಿಯಲು ಹೋದೆ. ಅವರು ಕಾಲು ಹಿಂದಕ್ಕೆಳೆದುಕೊಂಡರು.

"ನಮ್ಮನೆಯವರು ಇದ್ದಾಗ ಬರ್ಬೇಕಾಗಿತ್ತು ನೀನು. ಸಾಯೋವರ್ಗೂ ಮಾಸ್ತಿ ಕಡೆ ಬಸ್ಸು ಹತ್ತಲಿಲ್ಲ. ಅಪ್ಪ ದುಡ್ಡು ತಿಂದೋನು ಅಂತ ನನ್ನ ಮಗಳ ಸಂಬಂಧ ಎರಡು ಸಲ ಮುರೀತು."

ಸಹಿಯ ವಿಷಯ ಎತ್ತಲು ನನಗೆ ಬಾಯಿ ಬರಲಿಲ್ಲ. ಅವರೇ "ಕೈಯಲ್ಲಿ ಅದೇನು ಕಾಗದ?" ಎಂದರು. ಹೇಳಿದೆ. ಒಳಗೆ ಹೋಗಿ ಸೀರೆ ಬದಲಿಸಿ, ಕನ್ನಡಕ ಹಾಕಿಕೊಂಡು ಬಂದರು. ಶ್ರೀನಿವಾಸಪುರದ ನೋಟರಿಯ ಹತ್ತಿರ ಅಪ್ಪನ ಎರಡೂ ಹೆಸರಿಗೆ ಸಾಕ್ಷಿಯಾಗಿ ಸಹಿ ಹಾಕಿದರು.

ಬಸ್ ಸ್ಟ್ಯಾಂಡಿನಲ್ಲಿ ನಾನು, "ಬಂದದ್ದರಲ್ಲಿ ಅರ್ಧ ನಿಮಗೆ" ಎಂದೆ.

"ಆ ದುಡ್ಡು ನನ್ನ ಮನೆಗೆ ತರ್ಬೇಡ. ಅವತ್ತು ಯಾರ ಮುಂದೆ ಅಂದ್ಯೋ ಅವರ ಮುಂದೆ ಹೇಳು. ಸಾಕು."

ಎರಡು ತಿಂಗಳಿಗೆ ಹಣ ಬಂತು. ಮಗಳ ಕಾಲೇಜಿಗೆ ಕಟ್ಟಿದೆ. ಬೇಡ ಎನ್ನುವಷ್ಟು ದೊಡ್ಡವಳು ನಾನಲ್ಲ. ಅದರ ಮುಂದಿನ ಭಾನುವಾರ ಮಾಸ್ತಿಗೆ ಹೋದೆ. ಅಂದು ಊಟಕ್ಕೆ ಕೂತಿದ್ದವರಲ್ಲಿ ಬದುಕಿರುವವರು ನಾಲ್ಕೋ ಐದೋ. ಬೆಳಗ್ಗೆ ಡೈರಿಯ ಮುಂದೆ ಹಾಲಿನ ಕ್ಯಾನು ಹಿಡಿದು ಜನ ನಿಂತಿದ್ದರು. ಅಲ್ಲಿ ಗಟ್ಟಿಯಾಗಿ ಹೇಳಿದೆ: "ವೆಂಕಟರಾಮಪ್ಪನವರು ನಮ್ಮಪ್ಪನ ದುಡ್ಡು ತಿಂದಿರಲಿಲ್ಲ. ಬ್ಯಾಂಕಲ್ಲೇ ಇತ್ತು. ತಪ್ಪು ನಂದು."

ಈಚೆಗೆ ಊರಿಗೆ ಸೊಸೆಯಾಗಿ ಬಂದಿದ್ದ ಒಬ್ಬಳು, "ಯಾವ ವೆಂಕಟರಾಮಪ್ಪ?" ಎಂದಳು.

ಹಾಲು ಅಳೆಯುತ್ತಿದ್ದಾತ ತಲೆ ಎತ್ತದೆ ಹೇಳಿದ: "ಅದೇ ಕಣಮ್ಮ, ದುಡ್ಡು ತಿಂದು ಯಲ್ದೂರಿಗೆ ಹೋದ್ರಲ್ಲ, ಅವರು."

"ತಿಂದಿಲ್ಲ ಅಂತ ತಾನೇ ಹೇಳ್ತಿರೋದು!" ಎಂದು ಕೂಗಿದೆ.

"ಆಯ್ತು ಬಿಡಕ್ಕ, ನಿನ್ನ ದುಡ್ಡು ನಿನಗೆ ಬಂತಲ್ಲ" ಎಂದು ಆತ ಮುಂದಿನ ಕ್ಯಾನು ತೆಗೆದುಕೊಂಡ.

ಹತ್ತೊಂಬತ್ತರ ಹುಡುಗಿಯಾಗಿ ನಾನಾಡಿದ್ದನ್ನು ಊರು ಒಂದೇ ಸಲಕ್ಕೆ ನಂಬಿತ್ತು. ಈಗ ಮಾಸ್ತಿಗೆ ಹೋದಾಗಲೆಲ್ಲ ಯಾರಾದರೂ ಇಬ್ಬರಿಗೆ ಹೇಳಿ ಬರುತ್ತೇನೆ. ಕೇಳಿಸಿಕೊಳ್ಳುತ್ತಾರೆ. ಕಾಫಿ ಕುಡೀತೀಯಾ ಎನ್ನುತ್ತಾರೆ.