ಮೇಡಮ್ ಬರೆದ ಆಟ, ನಾನು ಸೇರಿಸಿದ ಸಾಲು

ಕಳೆದ ತಿಂಗಳು ಬೀರು ಖಾಲಿ ಮಾಡುತ್ತಿದ್ದಾಗ ಸೀರೆಗಳ ಅಡಿಯಿಂದ ಒಂದು ಕಪ್ಪು ಫ್ಲಾಪಿ ಹೊರಬಂತು. ಜೊತೆಗೆ ಗಮ್ಮೆಂದು ನುಸಿಗುಳಿಗೆಯ ವಾಸನೆ. ಫ್ಲಾಪಿಗೆ ಅಂಟಿಸಿದ್ದ ಚೀಟಿಯಲ್ಲಿ ನೀಲಿ ಇಂಕಿನ ಎರಡೇ ಅಕ್ಷರ: ‘ಆಟ’. ಗುಬ್ಬಿಯ ನಮ್ಮ ಕಂಪ್ಯೂಟರ್ ಕ್ಲಾಸಿನಲ್ಲೂ ಇದೇ ವಾಸನೆ ಇರುತ್ತಿತ್ತು. ನೆಲಕ್ಕೆ ಹಾಸಿದ್ದ ಕಾರ್ಪೆಟ್ಟಿಗೆ ಹುಳ ಹಿಡಿಯಬಾರದೆಂದು ಮೇಡಮ್ ಮೂಲೆಮೂಲೆಗೂ ಗುಳಿಗೆ ಇಡುತ್ತಿದ್ದರು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು. ಪಿಯುಸಿ ಮುಗಿಸಿದ ಹೆಣ್ಣುಮಕ್ಕಳನ್ನು, ಗಂಡು ಸಿಗುವ ತನಕ ಸುಮ್ಮನೆ ಕೂರುವುದು ಬೇಡವೆಂದು ಕಂಪ್ಯೂಟರ್ ಕಲಿಯಲು ಕಳಿಸುತ್ತಿದ್ದರು. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಕೋಣೆ, ನಾಲ್ಕು ಕಂಪ್ಯೂಟರ್, ಹನ್ನೆರಡು ಜನ ನಾವು. ಧೂಳು ಬಿದ್ದರೆ ಮೆಷಿನ್ ಕೆಡುತ್ತದೆಂದು ಚಪ್ಪಲಿಯನ್ನು ಹೊರಗಿನ ಮೆಟ್ಟಿಲ ಮೇಲೇ ಬಿಡಬೇಕು. ನಮ್ಮಪ್ಪನ ಕಬ್ಬಿಣದ ಅಂಗಡಿ ಎದುರು ಸಾಲಿನಲ್ಲೇ ಇತ್ತು. ಅವರು ಗಲ್ಲಾದ ಮುಂದೆ ಕೂತು, ಮೆಟ್ಟಿಲ ಮೇಲಿನ ಚಪ್ಪಲಿ ನೋಡಿಯೇ ನನ್ನ ಹಾಜರಿ ಹಾಕುತ್ತಿದ್ದರು.

ಮೇಡಮ್ ತುಮಕೂರಿನಿಂದ ರೈಲಿನಲ್ಲಿ ಬರುತ್ತಿದ್ದರು. ಬಂದವರೇ ಬುರ್ಖಾ ತೆಗೆದು ಬಾಗಿಲ ಹಿಂದಿನ ಮೊಳೆಗೆ ಹಾಕಿ, ಕೈ ತೊಳೆದು, ಕಂಪ್ಯೂಟರುಗಳ ಹೊದಿಕೆಯನ್ನು ಒಂದೊಂದಾಗಿ ತೆಗೆದು ಮಡಿಸುತ್ತಿದ್ದರು. ಇಪ್ಪತ್ತೇಳೋ ಇಪ್ಪತ್ತೆಂಟೋ ವಯಸ್ಸಿರಬೇಕು. ನಗುವುದು ಕಡಿಮೆ, ಬೈಯುವುದು ಇನ್ನೂ ಕಡಿಮೆ. ಪ್ರೋಗ್ರಾಮಿನ ಸಾಲುಗಳಿಗೆ ಒಂದು, ಎರಡು ಎಂದು ನಂಬರ್ ಹಾಕಬಾರದು, ಹತ್ತು, ಇಪ್ಪತ್ತು, ಮೂವತ್ತು ಎಂದು ಹಾಕಬೇಕು ಅಂತ ಮೊದಲ ದಿನವೇ ಹೇಳಿಕೊಟ್ಟರು. “ಮರ್ತಿದ್ದೇನಾದ್ರೂ ಆಮೇಲೆ ನೆನಪಾದ್ರೆ ಮಧ್ಯ ತೂರ್ಸೋಕೆ ಜಾಗ ಇರ್ಲಿ” ಎಂದಿದ್ದರು. ನಾನದನ್ನು ನೋಟ್ಸಿನಲ್ಲಿ ಹಾಗೇ ಬರೆದುಕೊಂಡಿದ್ದೆ.

ಶನಿವಾರದ ಕೊನೆಯ ಅರ್ಧ ಗಂಟೆ ಆಟಕ್ಕೆ. ಪಕ್ಕದ ಬೀದಿಯ ವಿಡಿಯೋ ಗೇಮ್ ಅಂಗಡಿಯಲ್ಲಿ ಹುಡುಗರು ಹೊಡಿ ಬಡಿ ಎಂದು ಕಿರುಚಾಡುತ್ತಿದ್ದರಲ್ಲ, ಅಂಥದ್ದಲ್ಲ. ಇದು ಮೇಡಮ್ ತಾವೇ ಬರೆದ ಆಟ. ಚಿತ್ರವಿಲ್ಲ, ಸದ್ದಿಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ, ಅದೂ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ ಕನ್ನಡ. ‘ನೀನು ಒಳಕೋಣೆಯಲ್ಲಿದ್ದೀಯ. ನಡುಮನೆಯಲ್ಲಿ ಚಾಪೆ ಹಾಸುತ್ತಿದ್ದಾರೆ. ನಿನ್ನನ್ನು ನೋಡಲು ಗಂಡಿನ ಕಡೆಯವರು ಬರುತ್ತಿದ್ದಾರೆ. ನಿನಗೆ ಇನ್ನೂ ಓದಬೇಕು. ರೈಲಿಗೆ ನಲವತ್ತು ನಿಮಿಷ ಇದೆ.’ ಅದರ ಕೆಳಗೆ ಮೂರು ದಾರಿ, ಮೂರು ನಂಬರ್: ಮುಂಬಾಗಿಲು, ಹಿತ್ತಿಲು, ಇಲ್ಲವೇ ಅಲ್ಲೇ ಉಳಿಯುವುದು. ಒಂದೊಂದು ಸಲ ಒತ್ತಿದಾಗಲೂ ನಿಮಿಷ ಕಡಿಮೆಯಾಗುತ್ತಿತ್ತು.

ನಗಬೇಡಿ, ಬರೀ ಅಕ್ಷರ ಓದುತ್ತಾ ನಮ್ಮ ಅಂಗೈ ಬೆವರುತ್ತಿತ್ತು. ಮುಂಬಾಗಿಲಿನಿಂದ ಹೋದರೆ ಪಕ್ಕದ ಮನೆಯವರು ನೋಡುತ್ತಾರೆ. ಹಿತ್ತಿಲಿನಿಂದ ಹೋದರೂ ಎರಡೇ ನಿಮಿಷಕ್ಕೆ ಸಿಕ್ಕಿಬೀಳುತ್ತೇವೆ. ಯಾಕೆಂದು ತಿಳಿಯಲು ನನಗೆ ಮೂರು ಶನಿವಾರ ಬೇಕಾಯಿತು. ಬಾಗಿಲಲ್ಲಿ ಚಪ್ಪಲಿ ಇಲ್ಲದ್ದನ್ನು ಅಮ್ಮ ನೋಡಿಬಿಡುತ್ತಾಳೆ! ಚಪ್ಪಲಿಯನ್ನು ಅಲ್ಲೇ ಬಿಟ್ಟು ಬರಿಗಾಲಲ್ಲಿ ಹೋದರೆ ಮಾತ್ರ, ಹುಡುಗಿ ಮನೆಯಲ್ಲೇ ಇದ್ದಾಳೆಂದು ಎಲ್ಲರೂ ಅಂದುಕೊಂಡಿರುತ್ತಾರೆ. ಅದನ್ನು ಕಂಡುಹಿಡಿದ ದಿನ ರೈಲು ಹತ್ತಿಯೇಬಿಟ್ಟೆ. ಹಿಂದೆ ನಿಂತಿದ್ದವರೆಲ್ಲ ಚಪ್ಪಾಳೆ ಹೊಡೆದರು.

ಆಗ ಪರದೆಯ ಮೇಲೆ ಕೊನೆಯ ಸಾಲುಗಳು ಬಂದವು. ‘ನೀನು ರೈಲು ಹತ್ತಿದೆ. ಬಂದವರು ಸುಮ್ಮನೆ ವಾಪಸ್ ಹೋಗಬಾರದೆಂದು ಅವರ ಮುಂದೆ ತಂಗಿಯನ್ನು ಕೂರಿಸಿದರು. ತಂಗಿಗೆ ಹದಿನಾರು. ಆಟ ಮುಗಿಯಿತು.’

ಚಪ್ಪಾಳೆ ಅರ್ಧಕ್ಕೇ ನಿಂತಿತು. ಇದೆಂಥಾ ಗೆಲುವು, ಇದು ಮೋಸ ಎಂದು ಗೆಳತಿಯೊಬ್ಬಳು ಜಗಳಕ್ಕೇ ನಿಂತಳು. ಮೇಡಮ್ ಒಂದು ಹೊದಿಕೆ ಮಡಿಸುತ್ತಾ, “ಹಂಗಾದ್ರೆ ಇನ್ನೊಂದ್ಸಲ ಆಡಿ. ಬೇರೆ ದಾರಿ ಇದ್ರೆ ಹುಡುಕಿ” ಎಂದರು. ಹುಡುಕಿದೆವು, ತಿಂಗಳುಗಟ್ಟಲೆ. ಉಳಿದರೆ ನಿನ್ನ ಓದು ಹೋಯಿತು, ಹೋದರೆ ತಂಗಿಯ ಓದು ಹೋಯಿತು. ಮೂರನೆಯ ಕೊನೆ ಎಲ್ಲೂ ಸಿಗಲಿಲ್ಲ. ಈಗ ನನ್ನ ಮಗಳು ಕಂಪ್ಯೂಟರಿನಲ್ಲಿ ಕಥೆಯಿರುವ ಆಟಗಳನ್ನು ಆಡುತ್ತಾಳೆ. ಅದರಲ್ಲಿ ಹಿಮ, ಕಾಡು, ನಿಜವಾದ ಮನುಷ್ಯರ ಹಾಗೆ ಅಳುವ ಮುಖಗಳು… ಒಮ್ಮೆ ಯಾರನ್ನು ಉಳಿಸಲಿ ಯಾರನ್ನು ಬಿಡಲಿ ಎಂದು ಅರ್ಧ ಗಂಟೆ ಕೂತು ಕಣ್ಣೀರು ಹಾಕಿದಳು. ಮನೆಯವರೆಲ್ಲ ಗೇಲಿ ಮಾಡಿದರು. ನಾನು ಮಾಡಲಿಲ್ಲ.

ಆ ವರ್ಷ ಬೇಸಿಗೆಯಲ್ಲಿ ನಮ್ಮ ಮನೆಗೇ ಆಟ ಬಂತು. ದೊಡ್ಡಮ್ಮ ಕುಣಿಗಲ್ ಕಡೆಯ ಒಂದು ಸಂಬಂಧ ತಂದರು. ಶುಕ್ರವಾರ ರಾಹುಕಾಲ ಕಳೆದ ಮೇಲೆ, ಹನ್ನೆರಡಕ್ಕೆ ಹೆಣ್ಣು ನೋಡಲು ಬರುತ್ತಾರೆಂದು ಮಾತಾಯಿತು. ಅದೇ ಶುಕ್ರವಾರ ಹನ್ನೊಂದೂವರೆಗೆ ತುಮಕೂರಿನ ಪಕ್ಕದ ಕ್ಯಾತ್ಸಂದ್ರದ ಒಂದು ಆಫೀಸಿನಲ್ಲಿ ನನಗೆ ಕೆಲಸಕ್ಕಾಗಿ ಟೈಪಿಂಗ್ ಪರೀಕ್ಷೆ. ಮೇಡಮ್ಮೇ ಅರ್ಜಿ ತುಂಬಿಸಿದ್ದರು. ಅಪ್ಪ ಕೆಟ್ಟವರಲ್ಲ, ಆದರೆ ಒಮ್ಮೆ ಮಾತು ಕೊಟ್ಟರೆ ಅವರಿಗೆ ಬೇರೇನೂ ಕಾಣುವುದಿಲ್ಲ. ನಾನು ಒಲ್ಲೆ ಎಂದು ಮುಖ ಊದಿಸಿಕೊಂಡಾಗ ದೊಡ್ಡಮ್ಮ ನಗುತ್ತಾ ಹೇಳಿದರು: “ಬ್ಯಾಡ ಅಂದ್ರೆ ಬುಡು. ಚಿಕ್ಕೋಳಿದಾಳಲ್ಲ, ಅವಳ್ನೇ ತೋರ್ಸಿದ್ರಾಯ್ತು!”

ಎಲ್ಲರೂ ನಕ್ಕರು. ಹತ್ತನೇ ಕ್ಲಾಸ್ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದ ನನ್ನ ತಂಗಿಯೂ ನಕ್ಕಳು. ನನಗೆ ಮಾತ್ರ ಆಟದ ಕೊನೆಯ ಸಾಲು ನೆನಪಾಯಿತು. ಮಾರನೆಯ ದಿನ ಮೇಡಮ್‌ಗೆ ಎಲ್ಲವನ್ನೂ ಹೇಳಿದೆ. ಹೋಗು ಅನ್ನುತ್ತಾರೋ ಬೇಡ ಅನ್ನುತ್ತಾರೋ ಎಂದು ಅವರ ಮುಖವನ್ನೇ ನೋಡುತ್ತಿದ್ದೆ. ಅವರು ಎರಡೂ ಹೇಳಲಿಲ್ಲ. “ನಿಂಗೆ ತಂಗಿ ಇದಾಳಾ?” ಎಂದರು. ಹೌದೆಂದೆ. ಅವರ ಮುಖ ಬಿಳಿಚಿಕೊಂಡಿತು. ಅವತ್ತು ಮತ್ತೆ ನನ್ನ ಕಂಪ್ಯೂಟರಿನ ಹತ್ತಿರ ಬರಲೇ ಇಲ್ಲ.

ಶುಕ್ರವಾರ ಬೆಳಿಗ್ಗೆ ದೊಡ್ಡಮ್ಮ ಮಲ್ಲಿಗೆ ಹೂವಿನ ಪೊಟ್ಟಣ ಹಿಡಿದು ಬಂದರು. ಬಿಚ್ಚಿದರೆ ಎರಡು ಮಾಲೆ. ಒಂದು ನನಗೆ, ಇನ್ನೊಂದು ತಂಗಿಗೆ. ಅಮ್ಮ ಕೇಳಿದ್ದಕ್ಕೆ, “ಮನೇಗೆ ಜನ ಬರ್ತಾರೆ, ಅದೂ ಲಕ್ಷಣವಾಗಿ ಓಡಾಡ್ಕೊಂಡಿರ್ಲಿ” ಎಂದರು. ಅದು ಬರೀ ಅಕ್ಕರೆಯ ಮಾತೋ ಬೇರೆಯೋ ನನಗೆ ಇವತ್ತಿಗೂ ತಿಳಿಯದು. ಒಳಕೋಣೆಯಲ್ಲಿ ನಾನಿದ್ದೆ, ನಡುಮನೆಯಲ್ಲಿ ಜಮಖಾನ ಹಾಸುತ್ತಿದ್ದರು, ಪ್ಯಾಸೆಂಜರ್ ರೈಲಿಗೆ ಮೂವತ್ತು ನಿಮಿಷವಿತ್ತು. ಮೂರು ದಾರಿಗಳನ್ನೂ ಮನಸ್ಸಿನಲ್ಲೇ ಒತ್ತಿ ಒತ್ತಿ ನೋಡಿದೆ. ಎಲ್ಲದರ ಕೊನೆಯೂ ನನಗೆ ಬಾಯಿಪಾಠವಾಗಿತ್ತು.

ತಂಗಿ ಕನ್ನಡಿಯ ಮುಂದೆ ಹೂ ಮುಡಿಯುತ್ತಿದ್ದಳು. ಅವಳ ಕೈ ಹಿಡಿದೆ.

“ಏನೇ?”

“ಬಾ ಅಂದ್ರೆ ಬಾ. ಚಪ್ಪಲಿ ಹಾಕ್ಕೋಬೇಡ ಕಣೇ.”

ಅಡುಗೆಮನೆಯಲ್ಲಿ ಅಮ್ಮ ಕೇಸರಿಬಾತಿಗೆ ರವೆ ಹುರಿಯುತ್ತಿದ್ದರು. ಅವರ ಬೆನ್ನ ಹಿಂದೆಯೇ ಹಾದು ಹಿತ್ತಿಲಿಗೆ ಇಳಿದೆವು. ಸೌಟಿನ ಸದ್ದು ಒಮ್ಮೆ ನಿಂತಿತು. ನಾವೂ ನಿಂತೆವು… ಮತ್ತೆ ಶುರುವಾಯಿತು. ಆಮೇಲೆ ಓಟ. ಟಾರ್ ರಸ್ತೆ ಕಾದಿತ್ತು, ಸ್ಟೇಷನ್ನಿನ ಹತ್ತಿರದ ಜಲ್ಲಿ ಅಂಗಾಲಿಗೆ ಚುಚ್ಚಿತು. ತಂಗಿ ಎಲ್ಲಿಗೆ, ಯಾಕೆ ಎಂದು ಕೇಳುತ್ತಲೇ ಓಡುತ್ತಿದ್ದಳು. ರೈಲು ಹಿಂದಿನ ನಿಲ್ದಾಣ ನಿಟ್ಟೂರು ಬಿಟ್ಟಿದೆ ಎಂದು ಯಾರೋ ಹೇಳಿದರು. ಆ ಹತ್ತು ನಿಮಿಷ ಪ್ಲಾಟ್‌ಫಾರಂನ ಬೇವಿನ ಮರದ ಹಿಂದೆ ನಿಂತು, ಬರುವ ಒಂದೊಂದು ಸೈಕಲ್ ಸದ್ದಿಗೂ ಅಪ್ಪನೇ ಬಂದರೆಂದು ತಂಗಿಯನ್ನು ಮರಕ್ಕೆ ಒತ್ತಿ ಹಿಡಿಯುತ್ತಿದ್ದೆ. ಅಷ್ಟು ಹೆದರಿದ್ದು ಹೆರಿಗೆಯಲ್ಲೂ ಇಲ್ಲ.

ಕ್ಯಾತ್ಸಂದ್ರದ ಆಫೀಸಿನಲ್ಲಿ ಕಂಪ್ಯೂಟರ್ ಕೋಣೆಯ ಹೊರಗೆ ಎಲ್ಲರೂ ಚಪ್ಪಲಿ ಬಿಡುತ್ತಿದ್ದರು. ನಮಗೆ ಬಿಡುವುದಕ್ಕೆ ಏನೂ ಇರಲಿಲ್ಲ. ನಾವು ಬರಿಗಾಲಲ್ಲಿ ಬಂದವರೆಂದು ಯಾರಿಗೂ ತಿಳಿಯಲೂ ಇಲ್ಲ. ಬಾಗಿಲ ಕಡೆಗೇ ನೋಡಿ ನೋಡಿ ಸಾಲಿಗೆ ನಾಲ್ಕು ತಪ್ಪು ಮಾಡಿದೆ, ಆ ಕೆಲಸ ಸಿಗಲಿಲ್ಲ. ಸಂಜೆ ಮನೆಗೆ ಬಂದರೆ ಅಪ್ಪ ಬಾಗಿಲಲ್ಲಿ ಕೂತಿದ್ದರು, ಮುಂದೆ ನಮ್ಮಿಬ್ಬರ ಚಪ್ಪಲಿ. “ಇವನ್ನ ನೋಡ್ಕೊಂಡು, ಮಕ್ಳು ಒಳ್ಗೇ ಇದಾರೆ, ಈಗ್ ಬರ್ತಾರೆ ಅಂತ ಬಂದವ್ರಿಗೆ ಹೇಳ್ತಾ ಕೂತಿದ್ದೆ” ಎಂದರು. ಹೊಡೆಯಲಿಲ್ಲ. ಮೂರು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ನನ್ನನ್ನು ಕ್ಲಾಸ್ ಬಿಡಿಸಿದರು, ಕುಣಿಗಲ್ಲಿನವರೂ ಮತ್ತೆ ಬರಲಿಲ್ಲ. ತಂಗಿ ಪಿಯುಸಿಗೆ ಸೇರಿದಳು. ನಾನು ಮಾರನೆಯ ವರ್ಷ ತುಮಕೂರಿನಲ್ಲಿ ಬೇರೊಂದು ಕೆಲಸ ಹಿಡಿದೆ.

ಆದರೆ ನಾನು ಹೇಳಬೇಕಿರುವುದು ಆ ಶುಕ್ರವಾರವಾದ ಮೂರನೆಯ ದಿನದ ಮಾತು. ಲೈಬ್ರರಿ ಪುಸ್ತಕ ಹಿಂದಿರುಗಿಸುವ ನೆಪದಲ್ಲಿ ಸೋಮವಾರ ಮಧ್ಯಾಹ್ನ, ಅಪ್ಪ ಅಂಗಡಿಯಿಂದ ಊಟಕ್ಕೆ ಬಂದಿದ್ದ ಹೊತ್ತಿನಲ್ಲಿ, ಮಹಡಿ ಹತ್ತಿದೆ. ಕೋಣೆಯಲ್ಲಿ ಮೇಡಮ್ ಒಬ್ಬರೇ. “ಹೋದ್ಯಾ?” ಎಂದರು. ಹೋದೆ ಎಂದೆ. ಅವರು ಕಣ್ಣು ಮುಚ್ಚಿಕೊಂಡರು. “ತಂಗಿ?” ನಾನು ಜಂಬದಿಂದ ಬೀಗಿಬಿಟ್ಟೆ: “ಅವಳ್ನೂ ಕರ್ಕೊಂಡೇ ಹೋದೆ ಮೇಡಮ್! ನಿಮ್ ಆಟದಲ್ಲಿ ಅದೊಂದ್ ದಾರಿ ಬಿಟ್ಟೋಗಿದೆ.”

ಅವರು ಎದ್ದು ಕುರ್ಚಿ ಬಿಟ್ಟುಕೊಟ್ಟು, “ಹಾಕು” ಎಂದರು. ಮುನ್ನೂರ ನಲವತ್ತಕ್ಕೂ ಮುನ್ನೂರ ಐವತ್ತಕ್ಕೂ ನಡುವೆ, ಅವರೇ ಕಲಿಸಿದ ಹಾಗೆ, ಜಾಗವಿತ್ತು. ಮುನ್ನೂರ ನಲವತ್ತೈದು ಎಂದು ಹಾಕಿ ಟೈಪ್ ಮಾಡಿದೆ: ‘4. ತಂಗಿಯನ್ನೂ ಕರೆದುಕೊಂಡು ಹೋಗು.’ ಅದಕ್ಕೆ ಬೇಕಾದ ಇನ್ನೆರಡು ಸಾಲು ಸೇರಿಸಿ ಆಡಿಸಿದೆ. ಇಬ್ಬರೂ ರೈಲು ಹತ್ತಿದರು. ಅಷ್ಟರಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಕುಯ್ಯೆನ್ನತೊಡಗಿತು. ಅದು ಹಳೆಯದು, ನಾಲ್ಕೈದು ನಿಮಿಷ ತಡೆದರೆ ಹೆಚ್ಚು. “ಸೇವ್ ಮಾಡ್ಲಾ ಮೇಡಮ್?” ಅವರು ಆ ನಾಲ್ಕನೆಯ ಸಾಲನ್ನೇ ನೋಡುತ್ತಿದ್ದರು. ಕುಯ್‌ಗುಟ್ಟುವ ಸದ್ದು ಬಿಡುವಿಲ್ಲದೆ ಬರತೊಡಗಿತು. “ಮೇಡಮ್, ಹೋಗ್ಬಿಡತ್ತೆ!” ಎಂದೆ. ಅವರು ಕೈ ಎತ್ತಿದರು, ಬೇಡ ಅನ್ನಲೋ ಮಾಡು ಅನ್ನಲೋ… ನಾನು ಕಾಯಲಿಲ್ಲ. ಸೇವ್ ಮಾಡಿಬಿಟ್ಟೆ. ಪರದೆ ಕಪ್ಪಾಯಿತು.

ಕಿಟಕಿಯ ಪರದೆ ಎಳೆದಿದ್ದ ಆ ಮಬ್ಬಿನಲ್ಲಿ ಅವರು ಮೆಲ್ಲಗೆ ಮಾತಾಡಿದರು.

“ಆಟದಲ್ಲಿ ಓಡ್ಹೋಗೋಳು ನಾನು ಅಂತ ಅಂದ್ಕೊಂಡಿದ್ಯಾ? ಅಲ್ಲ ಕಣಮ್ಮ. ಅದು ನಮ್ಮಕ್ಕ. ಕೂತಿದ್ದೋಳು ನಾನು.”

ಹದಿನಾರಕ್ಕೆ ಮದುವೆ, ಇಪ್ಪತ್ತಕ್ಕೆ ತವರಿಗೆ ವಾಪಸ್. ಅಷ್ಟನ್ನೇ ಹೇಳಿದರು, ನಡುವಿನದ್ದನ್ನು ಹೇಳಲಿಲ್ಲ. ಅಕ್ಕನ ಮೇಲೆ ವರ್ಷಗಟ್ಟಲೆ ಹಲ್ಲು ಕಡಿದಿದ್ದರಂತೆ. ಕಂಪ್ಯೂಟರ್ ಕಲಿತ ಮೇಲೆ, ಅಕ್ಕನಾಗಿ ತಾವೇ ಆಡಿ ನೋಡೋಣವೆಂದು ಈ ಆಟ ಬರೆದರಂತೆ. “ಎಲ್ಲಾ ಥರಾನೂ ಆಡ್ದೆ. ಎಷ್ಟ್ ಆಡಿದ್ರೂ ಬೇರೆ ದಾರೀನೇ ಇರ್ಲಿಲ್ಲ. ಪಾಪ, ಅವಳಾದ್ರೂ ಏನ್ ಮಾಡ್ತಿದ್ಲು ಅಂತ ಸಮಾಧಾನ ಆಗಿತ್ತು.” ಕಪ್ಪಾದ ಪರದೆಯ ಕಡೆ ತಿರುಗಿ ಅಂದರು: “ದಾರಿ ಇತ್ತಲ್ಲಮ್ಮ…”

ಕ್ಷಮಿಸಿ ಅನ್ನಬೇಕೆಂದು ನನಗೆ ಹೊಳೆಯಲಿಲ್ಲ, ಹದಿನೆಂಟರ ತಲೆ. ಕರೆಂಟ್ ಬಂದ ಮೇಲೆ ಅವರು ಆಟವನ್ನು ಒಂದು ಫ್ಲಾಪಿಗೆ ಹಾಕಿ, ಚೀಟಿ ಅಂಟಿಸಿ, ನನ್ನ ಕೈಗೆ ಕೊಟ್ಟರು. ಕಂಪ್ಯೂಟರಿನಲ್ಲಿದ್ದದ್ದನ್ನು ನನ್ನ ಎದುರೇ ಅಳಿಸಿದರು. “ನಿನ್ ಹತ್ರ ಇರ್ಲಿ. ನಾನಿನ್ನು ಆಡಲ್ಲ” ಎಂದರು. ಆರು ತಿಂಗಳಲ್ಲಿ ಕ್ಲಾಸ್ ಮುಚ್ಚಿತು. ತುಮಕೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಮೇಡಮ್ಮನ್ನು ಎಷ್ಟೋ ಸಲ ಹುಡುಕಿದೆ. ಮದುವೆಯಾಗಿ ಹೋದರೆಂದರು ಕೆಲವರು, ಇಲ್ಲ ತಂದೆ ತೀರಿಕೊಂಡ ಮೇಲೆ ಮನೆಯನ್ನೇ ಬಿಟ್ಟರೆಂದರು ಇನ್ನು ಕೆಲವರು. ಸಿಗಲಿಲ್ಲ.

ಮೊನ್ನೆ ಭಾನುವಾರ ತಂಗಿ ಕುಣಿಗಲ್ಲಿನಿಂದ ಬಂದಿದ್ದಳು. ಅವಳೀಗ ಅಲ್ಲಿ ಹೈಸ್ಕೂಲ್ ಟೀಚರ್. ಇಬ್ಬರೂ ಫ್ಲಾಪಿ ಹಿಡಿದು, ಹಳೆಯ ಕಂಪ್ಯೂಟರ್ ರಿಪೇರಿ ಮಾಡುವ ಒಂದು ಅಂಗಡಿಗೆ ಹೋದೆವು. ಅಂಗಡಿಯವರು ಎಲ್ಲಿಂದಲೋ ಒಂದು ಡ್ರೈವ್ ಹುಡುಕಿ ತಂದು, ಮೂರು ಸಲ ಹಾಕಿ ನೋಡಿದರು. ಕರಕರ ಎಂದು ಸದ್ದಾಯಿತಷ್ಟೇ. ಬೂಷ್ಟು ಹಿಡಿದಿದೆ, ಒಳಗೆ ಏನೂ ಉಳಿದಿಲ್ಲ ಎಂದರು.

ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ತಂಗಿ ನನ್ನ ಮುಖ ನೋಡಿ ಛೇಡಿಸಿದಳು: “ಅವತ್ತು ನನ್ನ ಬಿಟ್ಟೋಗಿದ್ರೆ ಆ ಕೆಲ್ಸಾನಾದ್ರೂ ಸಿಗ್ತಿತ್ತು ಕಣೇ ನಿಂಗೆ.” ನಾನು ನಗಲಾರದೆ ಅವಳ ಕೈ ಹಿಡಿದುಕೊಂಡೆ. ಇವಳನ್ನು ಕರೆದುಕೊಂಡು ಹೋದದ್ದಕ್ಕೆ ಒಂದು ದಿನವೂ ನಾನು ಪಶ್ಚಾತ್ತಾಪ ಪಟ್ಟಿಲ್ಲ. ಅದನ್ನು ಕುಣಿದಾಡಿಕೊಂಡು ಹೋಗಿ ಮೇಡಮ್‌ಗೆ ಹೇಳಿದೆನಲ್ಲ… ಅವರು ಕೈ ಎತ್ತಿದಾಗ ಒಂದು ಕ್ಷಣ ಕಾದಿದ್ದರೆ, ಆ ಸಾಲು ಕರೆಂಟಿನ ಜೊತೆಗೇ ಹೋಗುತ್ತಿತ್ತು, ಬೇರೆ ದಾರಿಯೇ ಇರಲಿಲ್ಲವೆಂದು ಕ್ಷಮಿಸಿದ್ದ ಅಕ್ಕ ಅವರಿಗೆ ಉಳಿಯುತ್ತಿದ್ದಳೇನೋ.